ಗಡಿಯೂರಿನ ಇಬ್ಬರು ವರದಿಗಾರರು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ನೆನಪಿರಬಹುದು: ‘ವಲಸೆಗೆ ಕಾರಣಗಳೇನು? ವಿವರಿಸಿ.’ ನಾಲ್ಕು ಅಂಕಗಳ ಪ್ರಶ್ನೆ. ಉತ್ತರವನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು ಕೊಟ್ಟಿದ್ದೆ. ದೂಡುವ ಕಾರಣಗಳು ಎರಡು, ಸೆಳೆಯುವ ಕಾರಣಗಳು ಎರಡು; ಒಂದೊಂದಕ್ಕೆ ಒಂದೊಂದು ಅಂಕ. ರಾಯಚೂರು ಜಿಲ್ಲೆಯ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗ ಈ ಪ್ರಶ್ನೆಗೆ ಹಲಗೆಯ ಮೇಲಿನ ಉತ್ತರವನ್ನು ಬರೆಯಲಿಲ್ಲ. ಆ ವರ್ಷ ಮಳೆ ಬರಲಿಲ್ಲವೆಂದೂ, ಮೇಸ್ತ್ರಿ ಮುಂಗಡ ಹಣ ಕೊಟ್ಟನೆಂದೂ, ಎಮ್ಮೆಯನ್ನು ಮಾರಿ ಬೆಂಗಳೂರಿಗೆ ಗುಳೆ ಹೋದೆವೆಂದೂ, ಅಜ್ಜಿಗೆ ಬಸ್ಸಿನ ಪ್ರಯಾಣ ಆಗದ ಕಾರಣ ಅವಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಬಂದೆವೆಂದೂ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ಅಂಶಗಳು ಸ್ಪಷ್ಟವಾಗಿಲ್ಲ’ ಎಂದು ಗೀಚಿ ಒಂದೂವರೆ ಅಂಕ ಕೊಟ್ಟೆ. ಮೌಲ್ಯಮಾಪನದ ನಿಯಮದ ಪ್ರಕಾರ ಅದು ತಪ್ಪಲ್ಲ. ಆದರೂ ನಿವೃತ್ತನಾದ ಮೇಲೆ ನೆನಪಾಗುವ ಉತ್ತರಪತ್ರಿಕೆಗಳಲ್ಲಿ ಅದೇ ಮೊದಲನೆಯದು.

ಈಚೆಗೆ ಅಮೆರಿಕ ಮತ್ತು ಮೆಕ್ಸಿಕೊ ದೇಶಗಳ ಗಡಿಯ ಇತಿಹಾಸವನ್ನು ಓದುತ್ತಿದ್ದಾಗ ಆ ಉತ್ತರಪತ್ರಿಕೆ ಮತ್ತೆ ಕಣ್ಣಮುಂದೆ ಬಂತು. ಆ ಗಡಿಯ ಒಂದೇ ಊರಿನ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿ, ಮೂವತ್ತು ವರ್ಷಗಳ ಅಂತರದಲ್ಲಿ ವಿದೇಶಿ ವರದಿಗಾರರಾದ ಇಬ್ಬರು ಇದ್ದಾರೆ. ಮೊದಲನೆಯವರು ರೂಬೆನ್ ಸಲಜಾರ್, ಎರಡನೆಯವರು ಆಲ್ಫ್ರೆಡೊ ಕೊರ್ಚಾಡೊ. ಇಬ್ಬರೂ ಮೆಕ್ಸಿಕೊದಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ಅಮೆರಿಕಕ್ಕೆ ಬಂದವರು. ದೊಡ್ಡವರಾದ ಮೇಲೆ ಅಮೆರಿಕದ ಪತ್ರಿಕೆಗಳ ಪ್ರತಿನಿಧಿಗಳಾಗಿ ಮೆಕ್ಸಿಕೊಗೆ ಮರಳಿ ಹೋದವರು. ಹುಟ್ಟಿದ ನಾಡಿಗೆ ‘ವಿದೇಶಿ ವರದಿಗಾರ’ನಾಗಿ ಹೋಗುವುದೆಂದರೆ ಏನು ಎಂಬುದೇ ನನ್ನ ಕುತೂಹಲ.

ಮೊದಲು ಊರಿನ ವಿಷಯ. ಟೆಕ್ಸಾಸ್ ರಾಜ್ಯದ ಪಶ್ಚಿಮದ ತುದಿಯಲ್ಲಿ ಎಲ್ ಪಾಸೊ ನಗರವಿದೆ. ನದಿಯ ಆಚೆ ದಡದಲ್ಲಿ ಮೆಕ್ಸಿಕೊದ ಸಿಯುದಾದ್ ಹ್ವಾರೆಸ್. ಈ ನದಿಗೆ ಅಮೆರಿಕದವರು ರಿಯೊ ಗ್ರಾಂಡೆ ಎನ್ನುತ್ತಾರೆ, ಮೆಕ್ಸಿಕೊದವರು ರಿಯೊ ಬ್ರಾವೊ ಎನ್ನುತ್ತಾರೆ. 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಉತ್ತರದ ವಿಶಾಲ ಪ್ರದೇಶವನ್ನು ಕಳೆದುಕೊಂಡಾಗ ಈ ನದಿಯೇ ಗಡಿಯಾಯಿತು. ನದಿಯನ್ನು ಗಡಿ ಮಾಡಿದರೆ ಆಗುವ ತೊಂದರೆಯನ್ನು ಭೂಗೋಳದ ಮೇಷ್ಟ್ರಿಗೆ ಹೇಳಿಕೊಡಬೇಕಾಗಿಲ್ಲ. ನದಿ ತನ್ನ ಪಾತ್ರವನ್ನು ದಕ್ಷಿಣಕ್ಕೆ ಬದಲಿಸಿತು. ಮೆಕ್ಸಿಕೊದ ಚಾಮಿಸಾಲ್ ಎಂಬ ನೆಲ ಅಮೆರಿಕದ ದಡಕ್ಕೆ ಸೇರಿಹೋಯಿತು. ಆ ವ್ಯಾಜ್ಯ ಬಗೆಹರಿದದ್ದು 1963ರಲ್ಲಿ, ಕೆನಡಿಯವರ ಕಾಲದಲ್ಲಿ. ಆಮೇಲೆ ನದಿ ಅಲೆದಾಡದಂತೆ ಅದನ್ನು ಕಾಂಕ್ರೀಟು ಕಾಲುವೆಯೊಳಗೆ ಕೂಡಿಹಾಕಿದರು. ನೀರನ್ನು ಹಾಗೆ ಕೂಡಿಹಾಕಬಹುದು.

ಜನರ ವಿಷಯದಲ್ಲಿ ಎರಡೂ ಸರ್ಕಾರಗಳು ನಡೆದುಕೊಂಡ ರೀತಿ ವಿಚಿತ್ರವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹೊಲಗಳಿಗೆ ಆಳುಗಳು ಸಾಲದೆ ಬಂದಾಗ, 1942ರ ಆಗಸ್ಟ್‌ನಲ್ಲಿ ಮೆಕ್ಸಿಕೊದೊಡನೆ ಒಪ್ಪಂದ ಮಾಡಿಕೊಂಡು ಗುತ್ತಿಗೆ ಕೂಲಿಗಳನ್ನು ಕರೆಸಲಾಯಿತು. ಇದೇ ಬ್ರಾಸೆರೊ ಯೋಜನೆ. ಸ್ಪ್ಯಾನಿಷ್‌ನಲ್ಲಿ ‘ಬ್ರಾಸೊ’ ಎಂದರೆ ತೋಳು. ಬ್ರಾಸೆರೊ ಎಂದರೆ ತೋಳ್ಬಲದಿಂದ ದುಡಿಯುವವನು. ಬೇಕಾಗಿದ್ದದ್ದು ತೋಳುಗಳು ಮಾತ್ರವೆಂಬುದನ್ನು ಹೆಸರೇ ಹೇಳುತ್ತದೆ. ಎಲ್ ಪಾಸೊ ಬಳಿಯ ಸೊಕೊರೊ ಎಂಬಲ್ಲಿದ್ದ ಕೇಂದ್ರದಲ್ಲಿ ಬಂದವರನ್ನು ಬೆತ್ತಲೆ ನಿಲ್ಲಿಸಿ ಡಿಡಿಟಿ ಪುಡಿ ಎರಚಿ, ಆಮೇಲೆ ಒಳಗೆ ಬಿಡುತ್ತಿದ್ದರು. ಮೊದಲ ವರ್ಷಗಳಲ್ಲಿ ಕೂಲಿಯ ಶೇಕಡಾ 10ರಷ್ಟನ್ನು ಉಳಿತಾಯವೆಂದು ಹಿಡಿದುಕೊಂಡು ಮೆಕ್ಸಿಕೊದ ಬ್ಯಾಂಕುಗಳಿಗೆ ಕಳುಹಿಸಲಾಯಿತು. ಆ ಹಣ ಎಷ್ಟೋ ಜನರ ಕೈಗೆ ಬರಲೇ ಇಲ್ಲ. 1964ರ ಕೊನೆಯಲ್ಲಿ ಯೋಜನೆ ನಿಲ್ಲುವ ಹೊತ್ತಿಗೆ ಸುಮಾರು 46 ಲಕ್ಷ ಗುತ್ತಿಗೆಗಳಾಗಿದ್ದವು. 46 ಲಕ್ಷ ಜನರಲ್ಲ, 46 ಲಕ್ಷ ಗುತ್ತಿಗೆಗಳು. ಒಬ್ಬನೇ ಮನುಷ್ಯ ಐದು ಸುಗ್ಗಿಗೆ ಹೋಗಿ ಬಂದರೆ ಐದು ಗುತ್ತಿಗೆಗಳು. ಈ ವ್ಯತ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಲಜಾರ್ ಹುಟ್ಟಿದ್ದು 1928ರ ಮಾರ್ಚ್ 3ರಂದು, ಹ್ವಾರೆಸ್‌ನಲ್ಲಿ. ಕೂಸಾಗಿದ್ದಾಗಲೇ ತಂದೆತಾಯಿಗಳು ನದಿ ದಾಟಿ ಎಲ್ ಪಾಸೊಗೆ ಬಂದರು. ಅಮೆರಿಕದ ಸೈನ್ಯದಲ್ಲಿ ಎರಡು ವರ್ಷ ಇದ್ದು ಬಂದು, ಟೆಕ್ಸಾಸ್ ವೆಸ್ಟರ್ನ್ ಕಾಲೇಜಿನಲ್ಲಿ 1954ರಲ್ಲಿ ಪತ್ರಿಕೋದ್ಯಮದ ಪದವಿ ಪಡೆದರು. ಇದೇ ಕಾಲೇಜು ಮುಂದೆ ಎಲ್ ಪಾಸೊದ ಟೆಕ್ಸಾಸ್ ವಿಶ್ವವಿದ್ಯಾಲಯವಾಯಿತು. ಊರಿನ ‘ಹೆರಾಲ್ಡ್ ಪೋಸ್ಟ್’ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಡುಕನಂತೆ ನಟಿಸಿ ಪೊಲೀಸರಿಂದ ಬಂಧನಕ್ಕೊಳಗಾಗಿ, ನಗರದ ಸೆರೆಮನೆಯ ಹೊಲಸನ್ನೂ ಅಲ್ಲಿಯ ಮಾದಕವಸ್ತುಗಳ ವ್ಯಾಪಾರವನ್ನೂ ಕಣ್ಣಾರೆ ಕಂಡು ಬರೆದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಇಂಥ ಸಾಹಸಗಳನ್ನು ನಾನು ಯಾವ ವಿದ್ಯಾರ್ಥಿಗೂ ಶಿಫಾರಸು ಮಾಡುವವನಲ್ಲ, ಆದರೆ ಸೆರೆಮನೆಯ ವಿಷಯ ಬರೆಯಬೇಕಾದರೆ ಒಳಗೆ ಕುಳಿತು ನೋಡಬೇಕೆಂಬ ಹಟ ಮೆಚ್ಚತಕ್ಕದ್ದೇ.

1959ರಲ್ಲಿ ಅವರು ‘ಲಾಸ್ ಏಂಜಲೀಸ್ ಟೈಮ್ಸ್’ ಸೇರಿದರು. ಗಡಿಯ ಬಗ್ಗೆ, ಹೊಲದ ಕೂಲಿಗಳ ಬಗ್ಗೆ ಬರೆದರು. 1963ರಲ್ಲಿ ಆ ನಗರದ ಮೆಕ್ಸಿಕನ್ ಮೂಲದ ಜನರ ಕುರಿತು ಒಂದು ಲೇಖನಮಾಲೆ ಬರೆದರು. ಶಾಲೆ, ಭಾಷೆ, ಉದ್ಯೋಗ, ರಾಜಕೀಯ ಪ್ರಾತಿನಿಧ್ಯ ಇವೆಲ್ಲ ಅದರಲ್ಲಿದ್ದವು. ಆ ಜನ ಪತ್ರಿಕೆಯ ಮುದ್ರಣಾಲಯದಿಂದ ನಾಲ್ಕು ಹೆಜ್ಜೆ ದೂರದಲ್ಲಿಯೇ ವಾಸವಾಗಿದ್ದರೂ ಪತ್ರಿಕೆಯ ಪುಟಗಳಲ್ಲಿ ಅಪರಾಧದ ಸುದ್ದಿಗಾಗಿಯಲ್ಲದೆ ಕಾಣಿಸುತ್ತಿದ್ದದ್ದು ಅಪರೂಪ.

1965ರಲ್ಲಿ ಪತ್ರಿಕೆ ಅವರನ್ನು ಹೊರದೇಶಗಳಿಗೆ ಕಳುಹಿಸಿತು. ಮೊದಲು ಅಮೆರಿಕದ ಸೈನ್ಯ ಇಳಿದಿದ್ದ ಡೊಮಿನಿಕನ್ ಗಣರಾಜ್ಯ, ಆಮೇಲೆ ವಿಯೆಟ್ನಾಂ, ಅಲ್ಲಿಂದ ಮೆಕ್ಸಿಕೊ ನಗರಕ್ಕೆ ಬ್ಯೂರೋ ಮುಖ್ಯಸ್ಥರಾಗಿ. ಒಲಿಂಪಿಕ್ಸ್‌ಗೆ ಹತ್ತು ದಿನ ಇರುವಾಗ, 1968ರ ಅಕ್ಟೋಬರ್ 2ರಂದು, ತ್ಲಾತೆಲೋಲ್ಕೊ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಸೈನ್ಯ ಗುಂಡು ಹಾರಿಸಿದ್ದು ಅವರು ಅಲ್ಲಿದ್ದ ಅವಧಿಯಲ್ಲಿಯೇ.

ಇಲ್ಲಿ ಸ್ವಲ್ಪ ನಿಂತು, ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗಾಗಿ ಒಂದು ಮಾತು ಹೇಳಬೇಕು. ಸಲಜಾರ್ ವಿದೇಶಕ್ಕೆ ಹೋದ ಅದೇ 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸ್ವಾತಂತ್ರ್ಯದೇವತೆಯ ಪ್ರತಿಮೆಯ ಬುಡದಲ್ಲಿ ಕುಳಿತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಭಾರತೀಯರಿಗೆ ಇದ್ದ ಪಾಲು ವರ್ಷಕ್ಕೆ 100 ಜನ; ಅದೂ 1946ರ ಕಾನೂನಿನಿಂದ ದೊರೆತದ್ದು. ಹೊಸ ಕಾನೂನು ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಪದ್ಧತಿಯನ್ನು ಕಿತ್ತುಹಾಕಿ, ಏಷ್ಯಾ ಮತ್ತು ಯೂರೋಪುಗಳನ್ನೊಳಗೊಂಡ ಪೂರ್ವಾರ್ಧಗೋಳದ ಪ್ರತಿಯೊಂದು ದೇಶಕ್ಕೂ ವರ್ಷಕ್ಕೆ 20,000ದವರೆಗೆ ಅವಕಾಶ ಕೊಟ್ಟಿತು. ನೀವು ನಡೆದು ಹೋದ ಬಾಗಿಲು ಇದು. ನಿಮ್ಮಲ್ಲಿ ಹಲವರು ಅದನ್ನು ನಿಮ್ಮ ಗಣಿತದ ಅಂಕಗಳಿಂದ ತೆರೆದ ಬಾಗಿಲೆಂದು ತಿಳಿದಿರುವಿರಿ. ಅಂಕಗಳೂ ಬೇಕಾಗಿದ್ದವು, ಸುಳ್ಳಲ್ಲ. ಆದರೆ ಅದೇ ಕಾನೂನಿನ ಇನ್ನೊಂದು ವಿಧಿಯನ್ನು ಓದಿದವರು ಕಡಿಮೆ. ಅದುವರೆಗೆ ಸಂಖ್ಯೆಯ ಮಿತಿಯೇ ಇಲ್ಲದಿದ್ದ ಪಶ್ಚಿಮಾರ್ಧಗೋಳಕ್ಕೆ, ಎಂದರೆ ಮೆಕ್ಸಿಕೊ, ಕೆನಡಾ ಮೊದಲಾದ ನೆರೆಯ ದೇಶಗಳೆಲ್ಲಕ್ಕೂ ಸೇರಿ, 1968ರಿಂದ ವರ್ಷಕ್ಕೆ 1,20,000 ಎಂಬ ಮಿತಿ ಬಂತು. 1976ರಲ್ಲಿ ಮೆಕ್ಸಿಕೊವೊಂದಕ್ಕೇ 20,000ದ ಮಿತಿ. ಬ್ರಾಸೆರೊ ಯೋಜನೆ ಆಗಲೇ ನಿಂತಿತ್ತು. ಹೊಲಗಳು ನಿಲ್ಲಲಿಲ್ಲ, ಬೆಳೆ ನಿಲ್ಲಲಿಲ್ಲ, ಕರೆಯುವ ರೈತರೂ ನಿಲ್ಲಿಸಲಿಲ್ಲ. ನಿನ್ನೆಯವರೆಗೆ ಚೀಟಿ ಹಿಡಿದು ಬರುತ್ತಿದ್ದವನು ಇಂದು ಅದೇ ಕೆಲಸಕ್ಕೆ ಅದೇ ದಾರಿಯಲ್ಲಿ ಬಂದರೆ ಅಪರಾಧಿ. ‘ನಾವು ಸರದಿಯಲ್ಲಿ ನಿಂತು ಬಂದವರು, ಅವರು ಬೇಲಿ ಹಾರಿ ಬಂದವರು’ ಎಂಬ ಮಾತನ್ನು ನಮ್ಮವರ ಬಾಯಲ್ಲಿಯೇ ಕೇಳಿದ್ದೇನೆ. ನಮಗೆ ಸರದಿಯನ್ನು ಮಾಡಿಕೊಟ್ಟ ಕಾಗದವೇ ಅವರ ಸರದಿಯನ್ನು ಕಿರಿದಾಗಿಸಿತು ಎಂಬುದನ್ನು ತಿಳಿದು ಆಡಿದರೆ ಆ ಮಾತಿನ ಧಾಟಿಯಾದರೂ ಬದಲಾದೀತು.

ಸಲಜಾರ್ ಲಾಸ್ ಏಂಜಲೀಸ್‌ಗೆ ಮರಳಿದಾಗ ಅಲ್ಲಿಯ ತರುಣರು ತಮ್ಮನ್ನು ‘ಚಿಕಾನೊ’ ಎಂದು ಕರೆದುಕೊಳ್ಳತೊಡಗಿದ್ದರು. 1970ರ ಫೆಬ್ರವರಿಯಿಂದ ವಾರಕ್ಕೊಂದು ಅಂಕಣ ಬರೆಯತೊಡಗಿದರು. ಮೊದಲ ಅಂಕಣದಲ್ಲಿಯೇ ಚಿಕಾನೊ ಎಂದರೆ ಯಾರು ಎಂಬುದನ್ನು ಬಿಡಿಸಿ ಹೇಳಿದರು. ಅದೇ ವರ್ಷ ಪತ್ರಿಕೆಯ ನೌಕರಿ ಬಿಟ್ಟು ಸ್ಪ್ಯಾನಿಷ್ ಭಾಷೆಯ ಕೆಎಂಇಎಕ್ಸ್ ದೂರದರ್ಶನ ಕೇಂದ್ರದ ಸುದ್ದಿ ನಿರ್ದೇಶಕರಾದರು. ಅಂಕಣ ಮುಂದುವರಿಯಿತು. ಇಂಗ್ಲಿಷ್ ಓದುಗರಿಗೆ ಅವರು ಆಗಲೇ ಪರಿಚಿತರು. ತಾವು ಯಾರ ಬಗ್ಗೆ ಬರೆಯುತ್ತಿದ್ದರೋ ಅವರಿಗೆ ಅವರದೇ ಭಾಷೆಯಲ್ಲಿ ಸುದ್ದಿ ಹೇಳಬೇಕೆಂಬ ಬಯಕೆ ಉಳಿದಿತ್ತು. ಎರಡೂ ಕಡೆಯವರಿಗೂ ಅವರ ಮೇಲೆ ಸಂಶಯವಿತ್ತು. ಅವರ ಮನೆ ಇದ್ದದ್ದು ಮೆಕ್ಸಿಕನ್ನರ ಕೇರಿಯಲ್ಲಲ್ಲ, ದೂರದ ಬಡಾವಣೆಯಲ್ಲಿ, ಹೆಂಡತಿ ಬಿಳಿಯರು. ‘ಇವನು ನಮ್ಮವನೇ?’ ಎಂದು ತರುಣರು ಕೇಳಿದರು. ಆ ಜುಲೈನಲ್ಲಿ ಪೊಲೀಸರು ತಪ್ಪು ತಿಳಿದು ಇಬ್ಬರು ನಿರಾಯುಧ ಮೆಕ್ಸಿಕನ್ನರನ್ನು ಗುಂಡಿಟ್ಟು ಕೊಂದ ಪ್ರಕರಣವನ್ನು ಅವರ ಕೇಂದ್ರ ವರದಿ ಮಾಡಿದಾಗ, ಪೊಲೀಸರ ಕಡೆಯವರು ಬಂದು ಇಂಥ ಸುದ್ದಿ ಕೇರಿಯ ಜನರ ತಲೆ ಕೆಡಿಸುತ್ತದೆಂಬ ಅರ್ಥದ ಮಾತಾಡಿ ಹೋದರೆಂದು ಅವರೇ ಹೇಳಿಕೊಂಡಿದ್ದಾರೆ.

1970ರ ಆಗಸ್ಟ್ 29. ವಿಯೆಟ್ನಾಂ ಯುದ್ಧದಲ್ಲಿ ತಮ್ಮ ಹುಡುಗರು ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತಿದ್ದಾರೆಂದು ಚಿಕಾನೊಗಳು ಪೂರ್ವ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಮೆರವಣಿಗೆ ನಡೆಸಿದರು. ಗಲಭೆಯಾಯಿತು. ಸಲಜಾರ್ ಸುದ್ದಿ ಸಂಗ್ರಹಿಸಿ ದಣಿದು, ಸಿಲ್ವರ್ ಡಾಲರ್ ಎಂಬ ಪಾನಗೃಹದಲ್ಲಿ ಕುಳಿತಿದ್ದರು. ಹೊರಗಿನಿಂದ ಷರೀಫ್ ಇಲಾಖೆಯ ಸಿಬ್ಬಂದಿಯೊಬ್ಬ ಹಾರಿಸಿದ ಅಶ್ರುವಾಯು ಶೆಲ್ಲು ಅವರ ತಲೆಗೆ ಬಡಿದು ಅಲ್ಲಿಯೇ ಪ್ರಾಣ ಹೋಯಿತು. ಗೋಡೆಯನ್ನು ತೂರಿ ಹೋಗಲೆಂದು ಮಾಡಿದ ಶೆಲ್ಲು ಅದು. ಮರಣವಿಚಾರಣೆ ನಡೆಯಿತು, ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಅವರಿಗೆ ನಲವತ್ತೆರಡು ವರ್ಷ. ಇಂಥವರಿಗೆ ಇನ್ನು ಹತ್ತು ವರ್ಷ ಸಿಕ್ಕಿದ್ದರೆ ಒಂದು ತಲೆಮಾರಿನ ಹುಡುಗರನ್ನು ತಯಾರು ಮಾಡುತ್ತಿದ್ದರು ಎಂದು ಮೇಷ್ಟ್ರ ಮನಸ್ಸು ಲೆಕ್ಕ ಹಾಕುತ್ತದೆ. ಅವರ ಬರಹಗಳ ಸಂಗ್ರಹ ‘ಬಾರ್ಡರ್ ಕರೆಸ್ಪಾಂಡೆಂಟ್’ ಎಂಬ ಹೆಸರಿನಲ್ಲಿ 1995ರಲ್ಲಿ ಬಂತು. 2008ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಸಲಜಾರ್ ವಿಯೆಟ್ನಾಂ ಮತ್ತು ಮೆಕ್ಸಿಕೊಗಳಿಂದ ವರದಿ ಕಳುಹಿಸುತ್ತಿದ್ದ ಕಾಲದಲ್ಲಿಯೇ ಮೆಕ್ಸಿಕೊದ ದುರಾಂಗೊ ರಾಜ್ಯದಿಂದ ಒಂದು ಕುಟುಂಬ ಕ್ಯಾಲಿಫೋರ್ನಿಯಾಗೆ ಹೊರಟಿತು. ಊರು ಸಾನ್ ಲೂಯಿಸ್ ದೆ ಕೊರ್ದೆರೊ. ತಂದೆ ಬ್ರಾಸೆರೊ ಆಗಿ ಹೋಗಿ ಬಂದು ಮಾಡಿದವನು. ಎರಡು ವರ್ಷದ ಮಗಳು ನೀರಿನಲ್ಲಿ ಮುಳುಗಿ ಸತ್ತಳು. ಆ ದುಃಖದ ಮನೆಯಲ್ಲಿ ಇರಲಾರದೆ ತಾಯಿ ಉಳಿದ ಮಕ್ಕಳನ್ನು ಕರೆದುಕೊಂಡು ಗಂಡನ ಹಿಂದೆ ಹೊರಟಳು. ಆ ಮಕ್ಕಳಲ್ಲಿ ಆರು ವರ್ಷದ ಆಲ್ಫ್ರೆಡೊ ಒಬ್ಬ. ನನ್ನ ಕಪ್ಪುಹಲಗೆಯ ನಾಲ್ಕು ಅಂಶಗಳಲ್ಲಿ ಈ ಕಾರಣವನ್ನು ಎಲ್ಲಿ ಬರೆಯುವುದು? ದೂಡುವ ಕಾರಣವೆನ್ನಲೇ, ಸೆಳೆಯುವ ಕಾರಣವೆನ್ನಲೇ? ಡಾಲರು ಅಲ್ಲಿತ್ತು ನಿಜ. ಆದರೆ ಆ ತಾಯಿ ಡಾಲರಿಗಾಗಿ ಮಾತ್ರ ಹೊರಟವಳಲ್ಲ.

ಸಾನ್ ವಾಕಿನ್ ಕಣಿವೆಯ ಕೂಲಿಗಳ ಬಿಡಾರದಲ್ಲಿ ಕೊರ್ಚಾಡೊ ಬೆಳೆದರು, ತಾಯಿಯೊಡನೆ ಹೊಲಗಳಲ್ಲಿ ದುಡಿದರು. ಆ ಕಾಲದ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಗೇಣುದ್ದ ಹಿಡಿಯ ಗುದ್ದಲಿಯನ್ನು ಕೊಡುತ್ತಿದ್ದರು. ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕು, ಎದ್ದು ನಿಂತವನು ಕೆಲಸಗಳ್ಳನೆಂದು ದೂರದಿಂದಲೇ ಕಾಣಬೇಕು ಎಂಬ ಉಪಾಯ. ಕೂಲಿಗಳ ಬೆನ್ನುಮೂಳೆಯನ್ನು ಹಾಳುಮಾಡಿದ ಈ ಉಪಕರಣವನ್ನು ಆ ರಾಜ್ಯ ನಿಷೇಧಿಸಿದ್ದು 1975ರಲ್ಲಿ. ಹುಡುಗ ಪ್ರೌಢಶಾಲೆಯನ್ನು ನಡುವೆಯೇ ಬಿಟ್ಟ. ಶಾಲೆ ಬಿಟ್ಟ ಮಕ್ಕಳ ಹೆಸರಿನ ಮುಂದೆ ‘ದೀರ್ಘ ಗೈರುಹಾಜರಿ’ ಎಂದು ಬರೆದು ಹೆಸರು ತೆಗೆದುಹಾಕಿದ ಅನುಭವ ನನಗೂ ಇದೆ. ಅಲ್ಲಿಗೆ ಆ ಮಗುವಿನ ಕಥೆ ಮುಗಿಯಿತೆಂದು ಹಾಜರಿ ಪುಸ್ತಕ ತಿಳಿಯುತ್ತದೆ. ಇಲ್ಲಿ ತಾಯಿ ಹಾಗೆ ತಿಳಿಯಲಿಲ್ಲ. ಕುಟುಂಬ ಎಲ್ ಪಾಸೊಗೆ ಬಂದು ಒಂದು ಸಣ್ಣ ಹೋಟೆಲು ತೆರೆಯಿತು. ಹುಡುಗ ಮೊದಲು ಸಮುದಾಯ ಕಾಲೇಜು, ಆಮೇಲೆ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿ 1987ರಲ್ಲಿ ಪದವಿ ಪಡೆದ. ಸಲಜಾರ್ ಓದಿದ ಅದೇ ಆವರಣ, ಮೂವತ್ತಮೂರು ವರ್ಷಗಳ ತರುವಾಯ.

ಯೂಟಾ ರಾಜ್ಯದ ಒಂದು ಪತ್ರಿಕೆ, ಎಲ್ ಪಾಸೊದ ಹೆರಾಲ್ಡ್ ಪೋಸ್ಟ್, ‘ವಾಲ್ ಸ್ಟ್ರೀಟ್ ಜರ್ನಲ್’ ಇಷ್ಟನ್ನು ದಾಟಿ, 1990ರ ದಶಕದ ಮೊದಲಲ್ಲಿ ಕೊರ್ಚಾಡೊ ‘ಡಲ್ಲಾಸ್ ಮಾರ್ನಿಂಗ್ ನ್ಯೂಸ್’ ಸೇರಿ ಮೆಕ್ಸಿಕೊದಿಂದ ವರದಿ ಮಾಡತೊಡಗಿದರು. ಗಡಿಯ ಇತಿಹಾಸದಲ್ಲಿ ಅದು ಬಿರುಸಿನ ಕಾಲ. 1986ರಲ್ಲಿ ರೇಗನ್ ಅವರ ಸಹಿಯಿಂದ ಸುಮಾರು 27 ಲಕ್ಷ ಜನರಿಗೆ ಕಾನೂನಿನ ಮಾನ್ಯತೆ ದೊರೆತು, ಇನ್ನು ಸಮಸ್ಯೆ ಮುಗಿಯಿತೆಂದು ತಿಳಿಯಲಾಗಿತ್ತು. 1993ರ ಸೆಪ್ಟೆಂಬರ್‌ನಲ್ಲಿ ಎಲ್ ಪಾಸೊದಲ್ಲಿಯೇ 400 ಗಡಿ ಪೊಲೀಸರನ್ನು ನದಿಯುದ್ದಕ್ಕೂ 20 ಮೈಲು ಸಾಲಾಗಿ ನಿಲ್ಲಿಸಲಾಯಿತು. ಮರುವರ್ಷ ಸ್ಯಾನ್ ಡಿಯಾಗೊದಲ್ಲಿ ಇಂಥದೇ ವ್ಯವಸ್ಥೆ. ಅದೇ 1994ರ ಜನವರಿ 1ರಂದು ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು, ಡಿಸೆಂಬರ್‌ನಲ್ಲಿ ಪೆಸೊ ಕುಸಿಯಿತು. ಸರಕಿಗೆ ಗಡಿ ತೆರೆಯಿತು, ಮನುಷ್ಯರಿಗೆ ಬಿಗಿಯಾಯಿತು. ನಗರಗಳಲ್ಲಿ ದಾಟಲಾರದವರು ಮರುಭೂಮಿಯ ದಾರಿ ಹಿಡಿದರು, ನೀರಿಲ್ಲದೆ ಸತ್ತರು. ಇನ್ನೊಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಮೊದಲು ಸುಗ್ಗಿ ಮುಗಿದ ಮೇಲೆ ಮನೆಗೆ ಹೋಗಿ ಮರುವರ್ಷ ಬರುತ್ತಿದ್ದವರು, ಮತ್ತೆ ದಾಟುವುದು ಕಷ್ಟವೆಂದು ಹೋಗುವುದನ್ನೇ ಬಿಟ್ಟರು. ಹೆಂಡತಿ ಮಕ್ಕಳನ್ನು ಇತ್ತ ಕರೆಸಿಕೊಂಡರು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಗುಳೆ ಹೋಗಿದ್ದವರನ್ನು ಬೇಲಿ ವಲಸಿಗರನ್ನಾಗಿ ಮಾಡಿತು. ಈ ಎರಡು ಪದಗಳ ವ್ಯತ್ಯಾಸ ನಮ್ಮ ಕಲ್ಯಾಣ ಕರ್ನಾಟಕದ ರೈತನಿಗೆ ಚೆನ್ನಾಗಿ ಗೊತ್ತು. ಪಠ್ಯಪುಸ್ತಕ ಬರೆದವರಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬರೆಯಲಿಲ್ಲ.

2006ರ ಕೊನೆಯಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೊನ್ ಮಾದಕವಸ್ತು ವ್ಯಾಪಾರಿಗಳ ಮೇಲೆ ಸೈನ್ಯ ಬಿಟ್ಟ ಮೇಲೆ ಕೊರ್ಚಾಡೊ ಅವರ ವರದಿಗಾರಿಕೆ ಕೊಲೆಗಳ ವರದಿಗಾರಿಕೆಯಾಯಿತು. 2007ರ ಬೇಸಿಗೆಯಲ್ಲಿ ಅಮೆರಿಕದ ಮಾಹಿತಿದಾರನೊಬ್ಬ ಫೋನು ಮಾಡಿ, ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಮೆರಿಕದ ಪತ್ರಕರ್ತನೊಬ್ಬನನ್ನು ಮುಗಿಸುವ ಹಂಚಿಕೆ ಇದೆ, ಅದು ನೀನೇ ಇರಬಹುದು ಎಂದ. ಅವರ ‘ಮಿಡ್‌ನೈಟ್ ಇನ್ ಮೆಕ್ಸಿಕೊ’ ಎಂಬ 2013ರ ಪುಸ್ತಕ ಈ ಪ್ರಸಂಗದಿಂದಲೇ ಆರಂಭವಾಗುತ್ತದೆ. ಅವರ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇತ್ತು, ಬೇಕೆಂದಾಗ ನದಿ ದಾಟಬಹುದಿತ್ತು. ಮೆಕ್ಸಿಕೊದ ಪತ್ರಕರ್ತರಿಗೆ ಆ ಅನುಕೂಲವಿರಲಿಲ್ಲ. ಹ್ವಾರೆಸ್‌ನ ‘ಎಲ್ ದಿಯಾರಿಯೊ’ ಪತ್ರಿಕೆಯ ಅಪರಾಧ ವರದಿಗಾರ ಅರ್ಮಾಂದೊ ರೊದ್ರಿಗೆಸ್ ಅವರನ್ನು 2008ರ ನವೆಂಬರ್ 13ರ ಬೆಳಿಗ್ಗೆ, ಮಗಳನ್ನು ಶಾಲೆಗೆ ಬಿಡಲು ಕಾರಿನಲ್ಲಿ ಕುಳಿತಿದ್ದಾಗ, ಆ ಮಗುವಿನ ಎದುರಿಗೇ ಕೊಂದರು. 2010ರಲ್ಲಿ ಅದೇ ಪತ್ರಿಕೆಯ 21 ವರ್ಷದ ಛಾಯಾಗ್ರಾಹಕನನ್ನು ಕೊಂದಾಗ, ಪತ್ರಿಕೆ ಸಂಪಾದಕೀಯದಲ್ಲಿ ಕೊಲೆಗಡುಕರನ್ನೇ ಉದ್ದೇಶಿಸಿ, ನಮ್ಮಿಂದ ನಿಮಗೇನು ಬೇಕು, ಏನು ಬರೆಯಬೇಕು ಏನು ಬರೆಯಬಾರದು ಹೇಳಿಬಿಡಿ ಎಂದು ಕೇಳಿತು. ಆ ವರ್ಷ ಹ್ವಾರೆಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ಕಾಲುವೆಯ ಈಚೆ ಎಲ್ ಪಾಸೊದಲ್ಲಿ ಐದು.

ಕೊರ್ಚಾಡೊ ಅವರಿಗೆ ಗೌರವಗಳು ಬಂದವು: 2007ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಮರಿಯಾ ಮೂರ್ಸ್ ಕ್ಯಾಬಟ್ ಪ್ರಶಸ್ತಿ, ಹಾರ್ವರ್ಡ್‌ನ ನೀಮನ್ ಫೆಲೋಶಿಪ್, 2010ರಲ್ಲಿ ಲವ್‌ಜಾಯ್ ಪ್ರಶಸ್ತಿ. ಕೊನೆಯದು ಗುಲಾಮಗಿರಿಯ ವಿರುದ್ಧ ಬರೆದದ್ದಕ್ಕಾಗಿ 1837ರಲ್ಲಿ ಗುಂಪಿನ ಗುಂಡಿಗೆ ಬಲಿಯಾದ ಸಂಪಾದಕ ಎಲೈಜಾ ಲವ್‌ಜಾಯ್ ಹೆಸರಿನದು. 2018ರಲ್ಲಿ ಅವರ ‘ಹೋಮ್‌ಲ್ಯಾಂಡ್ಸ್’ ಬಂತು. 1987ರಲ್ಲಿ ಫಿಲಡೆಲ್ಫಿಯಾದ ಒಂದು ಮೆಕ್ಸಿಕನ್ ಹೋಟೆಲಿನಲ್ಲಿ ಭೇಟಿಯಾದ ನಾಲ್ವರು ಗೆಳೆಯರ ಕಥೆಯ ಮೂಲಕ ಮೂರು ದಶಕಗಳ ವಲಸೆಯನ್ನು ಹೇಳುವ ಪುಸ್ತಕ ಅದು. ನನಗೆ ಮೊದಲ ಪುಸ್ತಕದ ರೋಚಕತೆಗಿಂತ ಇದರ ಹದ ಹೆಚ್ಚು ಹಿಡಿಸುತ್ತದೆ. ಇದು ಬರುವ ಹೊತ್ತಿಗೆ ಆ ಮಹಾವಲಸೆ ಇಳಿಮುಖವಾಗಿತ್ತು. ಅಮೆರಿಕದಲ್ಲಿದ್ದ ಮೆಕ್ಸಿಕೊ ಸಂಜಾತರ ಸಂಖ್ಯೆ 2007ರ ಸುಮಾರಿಗೆ 1 ಕೋಟಿ 25 ಲಕ್ಷವನ್ನು ಮೀರಿ, ಆಮೇಲೆ ಇಳಿಯತೊಡಗಿತ್ತು. ಗಡಿಗೆ ಬರುತ್ತಿದ್ದವರು ಈಗ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡೋರ್‌ಗಳ ತಾಯಂದಿರು ಮತ್ತು ಮಕ್ಕಳು. ಗದ್ದಲ ಮಾತ್ರ ಮೆಕ್ಸಿಕನ್ನರ ಹೆಸರಿನಲ್ಲಿಯೇ ನಡೆದಿತ್ತು. 2019ರ ಆಗಸ್ಟ್ 3ರಂದು ಡಲ್ಲಾಸ್ ಕಡೆಯ ತರುಣನೊಬ್ಬ ಆರುನೂರು ಮೈಲಿಗೂ ಹೆಚ್ಚು ದೂರ ಕಾರು ಓಡಿಸಿಕೊಂಡು ಬಂದು ಎಲ್ ಪಾಸೊದ ವಾಲ್‌ಮಾರ್ಟ್ ಅಂಗಡಿಯಲ್ಲಿ ಗುಂಡು ಹಾರಿಸಿ 23 ಜನರ ಸಾವಿಗೆ ಕಾರಣನಾದ. ಮೆಕ್ಸಿಕನ್ನರನ್ನೇ ಕೊಲ್ಲಬೇಕೆಂದು ಬಂದವನು. ಡಲ್ಲಾಸ್ ಪತ್ರಿಕೆಯ ಗಡಿ ವರದಿಗಾರನಿಗೆ ಅದು ತಾಯಿತಂದೆಯರು ಹೋಟೆಲು ಇಟ್ಟು ಬದುಕಿದ ಊರು.

ಇಂಥವರು ಬರೆದದ್ದು ನಿಷ್ಪಕ್ಷಪಾತವಾಗಿರಲು ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿಯ ಸುದ್ದಿಮನೆಗಳಲ್ಲಿ ಸಲಜಾರ್ ಕಾಲದಿಂದಲೂ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ, ಹತ್ತಿರದವನೆಂಬುದು ದೋಷವಲ್ಲ, ಪರೀಕ್ಷಿಸದೆ ಬರೆಯುವುದು ದೋಷ; ಅದನ್ನು ದೂರದವರೂ ಧಾರಾಳವಾಗಿ ಮಾಡುತ್ತಾರೆ. ಹೊರಗಿನವನು ವಲಸಿಗನನ್ನು ‘ಏಕೆ ಬಂದೆ?’ ಎಂದು ಕೇಳುತ್ತಾನೆ. ಹೋಗಿ ಬಂದವನು ‘ಯಾರನ್ನು ಬಿಟ್ಟು ಬಂದೆ?’ ಎಂದು ಕೇಳಬಲ್ಲ. ಮೊದಲ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ: ಕೆಲಸಕ್ಕೆ. ಎರಡನೆಯದಕ್ಕೆ ಇಬ್ಬರ ಉತ್ತರ ಒಂದೇ ಇರುವುದಿಲ್ಲ.

ಈ ಎರಡನೆಯ ಪ್ರಶ್ನೆಯನ್ನು ಕಲಿಸಬಹುದೇ? 2010ರ ದಶಕದ ನಡುವಿನಲ್ಲಿ ಕೊರ್ಚಾಡೊ ಅವರು ಫೀನಿಕ್ಸ್‌ನಲ್ಲಿರುವ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ವಾಲ್ಟರ್ ಕ್ರಾಂಕೈಟ್ ಪತ್ರಿಕೋದ್ಯಮ ಶಾಲೆಯಲ್ಲಿ ಗಡಿನಾಡಿನ ವರದಿಗಾರಿಕೆಯ ವಿಭಾಗವನ್ನು ಪತ್ರಕರ್ತೆ ಏಂಜೆಲಾ ಕೊಚೆರ್ಗಾ ಅವರೊಡನೆ ನಡೆಸಿದರು. ವಿದ್ಯಾರ್ಥಿಗಳು ಮೆಕ್ಸಿಕೊಗೆ ಹೋಗಿ ಅಲ್ಲಿಂದಲೇ ವರದಿ ಮಾಡುವ ವ್ಯವಸ್ಥೆ ಅದು. ಎಲ್ ಪಾಸೊದ ಹಳೆಯ ವಿಶ್ವವಿದ್ಯಾಲಯದಲ್ಲಿಯೂ, ಕ್ಯೂಬಾದಲ್ಲಿ ಹುಟ್ಟಿ ಬಂದ ಪತ್ರಕರ್ತೆ ಜೀಟಾ ಅರೋಚಾ 2008ರಲ್ಲಿ ‘ಬಾರ್ಡರ್‌ಜೀನ್’ ಎಂಬ ವಿದ್ಯಾರ್ಥಿ ಪತ್ರಿಕೆಯನ್ನು ಆರಂಭಿಸಿದ್ದರು. ಅಲ್ಲಿ ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಪತ್ರಿಕೋದ್ಯಮ ಕಲಿಸುವ ಅಧ್ಯಾಪಕರಿಗೂ ತರಬೇತಿ ಶಿಬಿರಗಳು ನಡೆದವು. ಬಿ.ಎಡ್. ಮಾಡಿದವನಿಗೆ ಇದು ಸಂತೋಷದ ಸುದ್ದಿ.

ಇಂಥ ತರಗತಿಯಲ್ಲಿ ಮೊದಲು ಕಲಿಸಬೇಕಾದದ್ದು ಎಣಿಕೆ ಎಂದು ನನಗೆ ತೋರುತ್ತದೆ. ಹಿಂದೆ ಹೇಳಿದ ಗುತ್ತಿಗೆಗಳ ಲೆಕ್ಕ ಜ್ಞಾಪಿಸಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ಗಡಿಯಲ್ಲಿ ಸಿಕ್ಕವರನ್ನು ವಿಚಾರಣೆಯಿಲ್ಲದೆ ಕೂಡಲೇ ಹಿಂದಕ್ಕೆ ಅಟ್ಟುವ ನಿಯಮ ಬಂತು. 2023ರ ಮೇ ತಿಂಗಳವರೆಗೆ ಇತ್ತು. ಅಟ್ಟಿದವರು ಮರುದಿನ ಮತ್ತೆ ಬರುತ್ತಿದ್ದರು. ಒಬ್ಬನೇ ಮೂರು ಸಲ ಸಿಕ್ಕರೆ ಸರ್ಕಾರದ ಲೆಕ್ಕದಲ್ಲಿ ಮೂರು. ಆ ಅಂಕಿಯನ್ನು ತಲೆಬರಹದಲ್ಲಿ ‘ಇಷ್ಟು ಲಕ್ಷ ಜನ’ ಎಂದು ಬರೆದವರಿಗೆ ನಾನಾದರೆ ಸೊನ್ನೆ ಕೊಡುತ್ತಿದ್ದೆ. ಎರಡನೆಯದು ಪದಗಳ ವಿಚಾರ. ಅಮೆರಿಕದ ಎಪಿ ಸುದ್ದಿಸಂಸ್ಥೆ 2013ರಲ್ಲಿ ತನ್ನ ಬರವಣಿಗೆಯ ಕೈಪಿಡಿಯಿಂದ ‘ಅಕ್ರಮ ವಲಸಿಗ’ ಎಂಬ ಪ್ರಯೋಗವನ್ನು ತೆಗೆಯಿತು; ಕೃತ್ಯ ಅಕ್ರಮವಿರಬಹುದು, ಮನುಷ್ಯನನ್ನು ಹಾಗೆ ಕರೆಯಲಾಗದು ಎಂಬ ನಿಲುವು. ಮೂರನೆಯದು ಭಾಷೆ, ಅದಕ್ಕೆ ಅಡ್ಡದಾರಿಯಿಲ್ಲ. ದುಭಾಷಿಯ ಮೂಲಕ ಕಾರಣ ತಿಳಿಯಬಹುದು. ಬಿಟ್ಟು ಬಂದವರ ಮಾತು ದುಭಾಷಿಯ ಮುಂದೆ ಹೊರಬರುವುದು ಕಷ್ಟ.

ಕೊನೆಯದಾಗಿ ಆ ಹುಡುಗನ ವಿಷಯ. ಆ ವರ್ಷದ ಎಸ್ಸೆಸ್ಸೆಲ್ಸಿ ತಂಡದವರು ಕೆಲವರು ಈ ಬರಹಗಳನ್ನು ಓದುತ್ತಿರುವುದು ನನಗೆ ತಿಳಿದಿದೆ. ಹೆಸರು ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಕಿಟಕಿಯ ಪಕ್ಕದ ಕೊನೆಯ ಬೆಂಚು, ಯುಗಾದಿಯ ಮೇಲೆಯೇ ಶಾಲೆಗೆ ಮರಳುತ್ತಿದ್ದವನು. ಅವನ ಈಗಿನ ವಿಳಾಸವೋ ಫೋನ್ ನಂಬರೋ ಯಾರ ಬಳಿಯಾದರೂ ಇದ್ದರೆ ನನಗೆ ತಿಳಿಸಬೇಕು. ಅವರೆಲ್ಲ ಬೆಂಗಳೂರಿನಲ್ಲಿದ್ದ ಆ ನಾಲ್ಕು ತಿಂಗಳು ಅಜ್ಜಿಗೆ ನೀರು ತಂದುಕೊಡುತ್ತಿದ್ದವರು ಯಾರು ಎಂದು ಕೇಳಬೇಕಾಗಿದೆ.